ಮಾಪೂರಿನ ಬಾಗಿಲುಗಳು

ರೊಟ್ಟಿ ತಟ್ಟುತ್ತಿದ್ದೆ. ಹಂಚಿನ ಮೇಲೊಂದು ಉಬ್ಬುತ್ತಿತ್ತು, ಕೈ ಕೆಳಗಿನದು ಅರ್ಧ ಅಗಲವಾಗಿತ್ತು. ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನ ಆಸ್ಪತ್ರೆ ಕ್ವಾರ್ಟರ್ಸಿನ ಆ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಟೇಬಲ್ಲು. ಈ ತುದಿಗೆ ನನ್ನ ರೊಟ್ಟಿ ಹಿಟ್ಟು, ಆ ತುದಿಗೆ ನನ್ನ ಮೊಮ್ಮಗಳು ಮಾಳವಿಕಾ ಮತ್ತು ಅವಳ ಗೆಳತಿ ಪೂಜಿತಾ. ಗೋಡೆಗೆ ಅಂಟಿಸುವ ಕಾಗದದ ಸುರುಳಿಯೊಂದನ್ನು ಹಿಂಬದಿ ಮೇಲಾಗಿ ಬಿಚ್ಚಿ, ಅದು ಮತ್ತೆ ಸುತ್ತಿಕೊಳ್ಳದ ಹಾಗೆ ಒಂದು ಕಡೆ ನನ್ನ ಉಪ್ಪಿನ ಡಬ್ಬಿ, ಇನ್ನೊಂದು ಕಡೆ ಸಕ್ಕರೆ ಡಬ್ಬಿ ಹೇರಿದ್ದರು.

“ಅಜ್ಜೀ, ಟೇಬಲ್ ಶೇಕ್ ಆಗ್ತಿದೆ,” ಎಂದಳು ಮಾಳವಿಕಾ.

“ರೊಟ್ಟಿ ಅಂದ್ರೆ ತಟ್ಟಬೇಕವ್ವಾ. ಮುದ್ದು ಮಾಡಿದ್ರೆ ಅಗಲ ಆಗೋದಿಲ್ಲ.”

“ರಿವರ್ ಸೊಟ್ಟ ಆಗೋಯ್ತು.”

ಪೂಜಿತಾ ಬಗ್ಗಿ ನೋಡಿದಳು. “ರಿವರ್ ಅಂದ್ರೆ ಸೊಟ್ಟಾನೇ ಇರುತ್ತೆ ಕಣೇ. ಅಜ್ಜಿ, ಇನ್ನೂ ಜೋರಾಗಿ ತಟ್ಟಿ. ಇಲ್ಲೊಂದು ವಾಟರ್‌ಫಾಲ್ ಬೇಕು.”

ನಾನು ಜೋರಾಗಿ ತಟ್ಟಿದೆ. ಪೆನ್ಸಿಲ್ಲು ಕುಣಿಯಿತು. ಜಲಪಾತ ಬಂತು. ಮೇಲೆ ಬಿದ್ದ ಜೋಳದ ಹಿಟ್ಟನ್ನು ಪೂಜಿತಾ ಊದಲೂ ಬಿಡಲಿಲ್ಲ, ಅದು ನೊರೆಯಂತೆ.

ಆ ಊರಿನ ಹೆಸರು ಮಾಪೂರು. ಮಾಳವಿಕಾಳ ಮಾ, ಪೂಜಿತಾಳ ಪೂ. “ಊರು ಅಂದ ಮೇಲೆ ಊರಿನ ಹಾಗೆ ಕೇಳಿಸಬೇಕು” ಎಂದು ಕೊನೆಯ ಅಕ್ಷರ ಸೇರಿಸಿದ್ದು ಮಾತ್ರ ನಾನು. ಎಲ್ಲಿಯೂ ಇಲ್ಲದ ಊರು ಅದು, ಆದರೆ ಅದರ ಕಟ್ಟುಪಾಡು ಗಟ್ಟಿ. ಹಾಳೆ ಒಂದೇ ಇರಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಬಾರದು. ಬೇಕರಿ ಟೀ ಕೆಟಲ್ಲಿನ ಆಕಾರದ್ದು, ಅದರ ಮೂತಿಯಿಂದ ಹೊಗೆ. ಪೋಸ್ಟ್ ಆಫೀಸು ಮರದ ಮೇಲೆ. ಬಸ್ಸಿಗೆ ನಿಲ್ದಾಣವಿಲ್ಲ, ಕರೆದರೆ ಮನೆ ಮುಂದೆ ಬರುತ್ತದೆ.

“ಆಸ್ಪತ್ರೆ ಎಲ್ಲೈತೆ?” ಎಂದು ನಾನೊಮ್ಮೆ ಕೇಳಿದೆ.

“ಇಲ್ಲ.”

“ಯಾರಿಗಾದರೂ ಹುಷಾರು ತಪ್ಪಿದ್ರೆ?”

“ತಪ್ಪಲ್ಲ,” ಎಂದಳು ಮಾಳವಿಕಾ, ತಲೆಯೆತ್ತದೆ. “ಹಾಸ್ಪಿಟಲ್ ಇದ್ರೆ ಡಾಕ್ಟರ್ಸ್ ಬರ್ತಾರೆ. ಬಂದ್ರೆ ಆಮೇಲೆ ಹೋಗ್ತಾರೆ.”

ಒಂಬತ್ತು ವರ್ಷದ ಹುಡುಗಿ ಇಷ್ಟು ಹೇಳಿದ ಮೇಲೆ ನಾನು ಮತ್ತೆ ಆಸ್ಪತ್ರೆಯ ಮಾತೆತ್ತಲಿಲ್ಲ. ಅವಳಪ್ಪ ಚಿದಾನಂದ, ಅಂದರೆ ನನ್ನ ಅಳಿಯಂದಿರು, ಡಾಕ್ಟರು. ನನ್ನ ಮಗಳು ವಿಜಯಾ ಕೂಡ ಡಾಕ್ಟರೇ. ಇಬ್ಬರ ರೋಟಾ, ಅಂದರೆ ಡ್ಯೂಟಿಯ ಪಟ್ಟಿ, ಎಂದೂ ಒಂದಕ್ಕೊಂದು ಕೂಡದ ಕಾರಣ ಮಗುವನ್ನು ನೋಡಿಕೊಳ್ಳಲು ನಾನು ದಾವಣಗೆರೆಯಿಂದ ಬಂದಿದ್ದೆ. ಇಲ್ಲಿ ಟ್ರೈನಿಂಗಿನಲ್ಲಿರುವ ಡಾಕ್ಟರುಗಳನ್ನು ಆರು ತಿಂಗಳಿಗೋ ವರ್ಷಕ್ಕೋ ಒಂದು ಆಸ್ಪತ್ರೆಯಿಂದ ಕಿತ್ತು ಇನ್ನೊಂದರಲ್ಲಿ ನೆಡುತ್ತಾರೆ. ಆಗಸ್ಟಿನಲ್ಲೊಂದು ಬುಧವಾರ, ಫೆಬ್ರವರಿಯಲ್ಲೊಂದು ಬುಧವಾರ, ಕ್ವಾರ್ಟರ್ಸಿನ ಮುಂದೆ ವ್ಯಾನುಗಳ ಸಾಲು. ಹಾಗೆ ಮಾಳವಿಕಾ ಸ್ಟೋಕ್‌ನಲ್ಲಿ ಒಂದು ಸ್ಕೂಲು, ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಒಂದು ಸ್ಕೂಲು ಬಿಟ್ಟು ಬಂದಿದ್ದಳು. ಬರ್ಮಿಂಗ್‌ಹ್ಯಾಮಿಗೆ ಬಂದ ಮೇಲೆ ಯಾರ ಜೊತೆಗೂ ಸೇರುತ್ತಿರಲಿಲ್ಲ. ಗೆಳತಿ ಬೇಡ ಎಂದಲ್ಲ. ಹೇಗೂ ಬಿಟ್ಟು ಹೋಗಬೇಕಲ್ಲ ಎಂದು. ಎದುರು ಫ್ಲ್ಯಾಟಿನ ಪೂಜಿತಾ ಒಂದು ಸಂಜೆ ಹೇಳದೆ ಕೇಳದೆ ಒಳಗೆ ಬಂದು, “ನಿಮ್ಮನೇಲಿ ರೊಟ್ಟಿ ವಾಸನೆ ಬರ್ತಿದೆ” ಎಂದು ಕುರ್ಚಿ ಎಳೆದುಕೊಂಡು ಕೂರದಿದ್ದರೆ, ಮಾಪೂರು ಹುಟ್ಟುತ್ತಲೇ ಇರಲಿಲ್ಲ.

ಆ ಊರಿನಲ್ಲಿ ಇಬ್ಬರಿಗೂ ಒಂದೊಂದು ಮನೆ. ಉದ್ದಕ್ಕೆ ಒಂದು ಓಣಿ. ಓಣಿಯ ಈಚೆ ಮಾಳವಿಕಾಳದು, ಆಚೆ ಪೂಜಿತಾಳದು. ಬಾಗಿಲಿಗೆ ಬಾಗಿಲು ಎದುರುಬದುರು. ರಾತ್ರಿ ಟಾರ್ಚ್ ಬಿಟ್ಟರೆ ಆಚೆಯವಳಿಗೆ ಕಾಣಬೇಕು, ಅದಕ್ಕೆ.

ಆ ವರ್ಷ, ಅಂದರೆ ತೊಂಬತ್ತೊಂಬತ್ತರ ಆಗಸ್ಟಿನಲ್ಲಿ, ಪೂಜಿತಾಳ ಅಪ್ಪ ಡಾಕ್ಟರ್ ಜಯಪ್ರಕಾಶರಿಗೆ ಲೀಡ್ಸಿಗೆ ವರ್ಗ ಬಂತು. ಹೊರಡುವ ಮುನ್ನ ಹುಡುಗಿಯರು ಮಾತಾಡಿಕೊಂಡರು. ಹಾಳೆ ಮೊದಲು ಮಾಳವಿಕಾಳ ಹತ್ತಿರ. ಅಕ್ಟೋಬರಿನ ರಜೆಗೆ ಅದು ಲೀಡ್ಸಿಗೆ ಹೋಗಬೇಕು. ಆಮೇಲೆ ತಿರುಗಿ ಇಲ್ಲಿಗೆ. ವ್ಯಾನಿನ ಕಿಟಕಿಯಿಂದ ಪೂಜಿತಾ ಕೈ ಬೀಸಿದಳು. ನಮ್ಮವಳು ಬೀಸಲಿಲ್ಲ, ಎರಡೂ ಕೈಯಲ್ಲಿ ಸುರುಳಿ ಹಿಡಿದಿದ್ದಳು.

ಅದರ ಹಿಂದೆಯೇ ನಾವೂ ಕ್ವಾರ್ಟರ್ಸ್ ಬಿಟ್ಟು ಅದೇ ಊರಿನ ಸೆಲ್ಲಿ ಓಕಿನಲ್ಲೊಂದು ಬಾಡಿಗೆ ಮನೆಗೆ ಬಂದೆವು. ಇಲ್ಲಿ ಅಳಿಯಂದಿರ ಒಂದು ಗುಣ ಹೇಳಬೇಕು. ಒಳ್ಳೆಯವರು, ನನ್ನನ್ನು ತಾಯಿಯಂತೆ ನೋಡುವವರು. ಹೃದಯದ ಡಾಕ್ಟರಾಗುವವರಿದ್ದರು. ಆದರೆ ಕೀ ಗೊಂಚಲಿನಲ್ಲಿ ಒಂದು ಪುಟ್ಟ ದಿಕ್ಸೂಚಿ ಸದಾ ತೂಗುತ್ತಿರುತ್ತಿತ್ತು. ಬಾಡಿಗೆಗೆ ಮನೆ ನೋಡಲು ಹೋದಾಗ ಪ್ರತಿ ಬಾಗಿಲಲ್ಲೂ ನಿಂತು ಅದನ್ನು ಅಂಗೈ ಮೇಲಿಟ್ಟು ತಿರುಗುತ್ತಿದ್ದರು. ಒಂದು ಕಡೆ ಮನೆ ತೋರಿಸುವ ಹುಡುಗ ವಿಜಯಾಳ ಕಿವಿಯಲ್ಲಿ, “ನಿಮ್ಮ ಯಜಮಾನರು ದಾರಿ ತಪ್ಪಿದ್ದಾರಾ?” ಎಂದು ಕೇಳಿದ್ದನಂತೆ. ಕೊನೆಗೆ ಸ್ಕೂಲಿಗೂ ಸ್ಟೇಷನ್ನಿಗೂ ಹತ್ತಿರವಾದ ಮನೆ ಸಿಕ್ಕಿತು, ಬಾಗಿಲು ಪಡುವಣಕ್ಕೆ. ವಿಜಯಾ ಹಟ ಹಿಡಿದು ಒಪ್ಪಿಸಿದಳು. ಅವರು ಒಪ್ಪಿದರು, ಆದರೆ ಆ ಬಾಗಿಲು ದಾಟುವಾಗೆಲ್ಲ ಮುಖದಲ್ಲಿ ಒಂದು ಸಣ್ಣ ಕಸಿವಿಸಿ.

ಅಕ್ಟೋಬರಿನಲ್ಲಿ ಪೂಜಿತಾಳ ಕಾಗದ ಬಂತು. ಇನ್ನು ನನ್ನ ಸರದಿ, ಕಳಿಸು, ಸೇತುವೆಗೆ ಮೂರು ಥರ ಚಿತ್ರ ಬರೆದಿಟ್ಟಿದ್ದೇನೆ ಎಂದು. ಮಾಳವಿಕಾ ಅದೇ ದಿನ ಉತ್ತರ ಬರೆದು, ಲಕೋಟೆಗೆ ಹಾಕಿ, ಸ್ಟಾಂಪು ಅಂಟಿಸಿದಳು. ಗಡಿಯಾರದ ಗೋಪುರಕ್ಕೆ ಕೊನೆಯ ಬಣ್ಣ ಬಳಿದು ಒಣಗಲೆಂದು ಹಾಳೆಯನ್ನು ಟೇಬಲ್ಲಿನ ಮೇಲೆ ಬಿಟ್ಟಳು. ಬೆಳಿಗ್ಗೆ ನಾವಿಬ್ಬರೂ ಲೈಬ್ರರಿಗೆ ಹೋಗಿ ಬರುವಷ್ಟರಲ್ಲಿ ಅಳಿಯಂದಿರು ನೈಟ್ ಡ್ಯೂಟಿ ಮುಗಿಸಿ ಬಂದಿದ್ದರು. ಮಲಗಿರಲಿಲ್ಲ. ಟೇಬಲ್ಲಿನ ಮುಂದೆ ಚಹಾ ಹಿಡಿದು, ಹಬ್ಬದ ಮುಖ ಮಾಡಿಕೊಂಡು ಕೂತಿದ್ದರು.

“ಬಾ ಪುಟ್ಟಿ, ಸರ್‌ಪ್ರೈಸ್. ನಾರ್ತ್ ಆ್ಯರೋ ಎಲ್ಲ ಚೆನ್ನಾಗಿ ಹಾಕಿದೀಯ. ಆದ್ರೆ ಮನೆ ಬಾಗಿಲುಗಳು ದಿಕ್ಕಾಪಾಲು. ಎಲ್ಲ ಸರಿ ಮಾಡಿದೀನಿ ನೋಡು. ಊರಿಗೂರೇ ಈಸ್ಟ್ ಫೇಸಿಂಗ್.”

ಔಷಧಿ ಕಂಪನಿಯವರು ಹಂಚುವ ಕಪ್ಪು ಪೆನ್ನು. ಓಣಿಯ ಆಚೆ ಸಾಲಿನ ಪ್ರತಿ ಮನೆಯ ಬಾಗಿಲನ್ನೂ ಗೋಡೆಯಾಗಿ ತುಂಬಿ, ಮನೆಯ ಆ ಮಗ್ಗುಲಿಗೆ ಹೊಸ ಬಾಗಿಲು ಬರೆದಿದ್ದರು. ಪ್ರಿಸ್ಕ್ರಿಪ್ಷನ್ನಿನಲ್ಲಿ ಎಂದೂ ಕಾಣದ ಅಂದ ಆ ಗೆರೆಗಳಲ್ಲಿತ್ತು. ಮೆಟ್ಟಿಲು, ಹೊಸ್ತಿಲು, ಹೊಸ್ತಿಲ ಮೇಲೆ ರಂಗೋಲಿಯ ಚುಕ್ಕಿ. ಮಾಳವಿಕಾಳ ಮನೆ ಹೇಗಿತ್ತೋ ಹಾಗೇ ಇತ್ತು, ಅದು ಮೊದಲೇ ಪೂರ್ವಕ್ಕೆ. ಈಗ ಅವಳ ಬಾಗಿಲಿಗೆ ಎದುರಾಗಿ ಇದ್ದದ್ದು ಪೂಜಿತಾಳ ಮನೆಯ ಕಪ್ಪು ಗೋಡೆ.

ಹುಡುಗಿ ಅಳಲಿಲ್ಲ. ಹಾಳೆಯನ್ನು ನಿಧಾನಕ್ಕೆ ಸುತ್ತಿ, ರಬ್ಬರ್ ಬ್ಯಾಂಡು ಹಾಕಿ, ಮೇಲೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೂಡ ಕೇಳಿಸಲಿಲ್ಲ.

“ಏನಾಯ್ತು ಅತ್ತೆ? ಇಷ್ಟ ಆಗ್ಲಿಲ್ವಾ?” ಎಂದರು ಅಳಿಯಂದಿರು.

ನನಗಿಂತ ಮುಂಚೆ, ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ವಿಜಯಾ ಉತ್ತರ ಕೊಟ್ಟಳು. “ನಮ್ಮನೆ ಬಾಗ್ಲೇ ವೆಸ್ಟಿಗಿದೆ. ಕಾಗದದ ಮನೆಗೆ ವಾಸ್ತು ಮಾಡ್ತಿದೀರಲ್ಲ ರೀ, ಅಲ್ಲಿ ಯಾರ ಹಾರ್ಟ್ ನಿಂತು ಹೋಗ್ತಿತ್ತು?”

“ಅವಳ ಊರಿಗೆ ಒಳ್ಳೇದಾಗ್ಲಿ ಅಂತ ಕಣೇ.”

ಅದು ನಿಜವೇ. ಆ ಮನುಷ್ಯನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಮಧ್ಯಾಹ್ನ ನಿದ್ದೆ ಬಿಟ್ಟು ಹೋಗಿ ಬಿಳಿ ಬಣ್ಣದ ಅಳಿಸುವ ಬಾಟಲಿ ತಂದರು. ಗೋಡೆ ಕಾಗದದ ಒರಟಿಗೆ ಅದು ಕೂರಲಿಲ್ಲ; ಒಣಗಿ, ಸುಣ್ಣದಂತೆ ಉದುರಿತು. ಹೊಸ ಹಾಳೆ ತಂದುಕೊಡುತ್ತೇನೆ ಎಂದರು. ಮಾಳವಿಕಾ ತಲೆಯಾಡಿಸಿದಳು.

“ಅರ್ಧ ಅವಳದು. ಅವಳ ಬೇಕರಿ ನಾನು ಬರೆದ್ರೆ ಅವಳದಾಗಲ್ಲ.”

“ಹಾಗಾದ್ರೆ ನಾನೇ ಒಂದು ಲೆಟರ್ ಬರೀತೀನಿ. ಡಾಕ್ಟರ್ ಸರ್ಟಿಫಿಕೇಟ್ ಥರ. ತಪ್ಪು ನನ್ನದು ಅಂತ.”

“ಅವಳ ಬಾಗ್ಲನ್ನ ಮುಚ್ಚಿದ್ರಿ ನೀವು. ಅವಳು ಮೊದ್ಲು ಅದನ್ನೇ ನೋಡ್ತಾಳೆ. ನೋಡಿದ್ಮೇಲೆ ಲೆಟರ್ ಓದ್ತಾಳೆ,” ಎಂದಳು. ಅಲ್ಲಿಗೆ ಮಾತು ಮುಗಿಯಿತು. ಸುರುಳಿ ಮಂಚದ ಕೆಳಗೆ ಹೋಯಿತು. ಸ್ಟಾಂಪು ಹಚ್ಚಿದ ಲಕೋಟೆ ಟೋಸ್ಟರಿನ ಹಿಂದೆ ನಿಂತಿತು.

ಕಾಗದ ಬರೆದು ಕಳಿಸದೆ ಇಡುವುದೆಂದರೆ ನನಗೆ ಸೇರದು. ನಾನು ಅಕ್ಷರ ಕಲಿತದ್ದೇ ಕಾಗದ ಬರೆಯುವುದಕ್ಕೆ. ದಾವಣಗೆರೆಯಲ್ಲಿ ನಮ್ಮೆಜಮಾನರು ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಕೂಲಿಯವರ ಹೆಂಡಿರಿಗೆಂದು ರಾತ್ರಿ ಶಾಲೆ ತೆರೆದಾಗ ನನಗೆ ಎರಡು ಮಕ್ಕಳಾಗಿದ್ದವು. ಒಂದು ವರ್ಷ ಸ್ಲೇಟು ಹಿಡಿದು, ತವರಿಗೆ ನಾನೇ ಬರೆದ ಮೊದಲ ಕಾರ್ಡನ್ನು ಡಬ್ಬಿಗೆ ಹಾಕಿ, ಅದು ಒಳಗೆ ಬಿದ್ದ ಸದ್ದು ಕೇಳಲು ಡಬ್ಬಿಗೆ ಕಿವಿಯಿಟ್ಟವಳು ನಾನು. ದಿನಾ ಬೆಳಿಗ್ಗೆ ಬ್ರೆಡ್ಡು ಸುಡುವಾಗ ಆ ಲಕೋಟೆ ಕಾಣುತ್ತಿತ್ತು. ಒರೆಸಿ ಅಲ್ಲೇ ಇಡುತ್ತಿದ್ದೆ. ಕಳಿಸು ಎನ್ನಲಿಲ್ಲ. ಅದು ಅವಳ ಕಾಗದ.

ಫೋನು ಮಾಡಬಾರದೇ ಎಂದರೆ, ಲೀಡ್ಸಿನ ಅವರ ಕ್ವಾರ್ಟರ್ಸಿನಲ್ಲಿ ಇದ್ದದ್ದು ಕಾರಿಡಾರಿನಲ್ಲೊಂದು, ಹತ್ತು ಮನೆಗೆ. ವಿಜಯಾ ಎರಡು ಸಲ ಹಚ್ಚಿದಳು. ಎರಡು ಸಲವೂ ಮಾಳವಿಕಾಗೆ ಅದೇ ಹೊತ್ತಿಗೆ ಹೋಂವರ್ಕು ಬಂತು.

ಡಿಸೆಂಬರಿನಲ್ಲಿ ಪೂಜಿತಾಳಿಂದ ಒಂದು ಕಾರ್ಡು ಬಂತು. ಕೆಂಪು ಹಕ್ಕಿಯ ಚಿತ್ರ. ಒಳಗೆ ಎರಡೇ ಸಾಲು. ಮಾಪೂರು ಕಳೆದು ಹೋಯಿತಾ? ಸಿಟ್ಟಾಗಿದ್ದರೆ ಹೇಳು. ಮಾಳವಿಕಾ ಓದಿ ಅದನ್ನೂ ಟೋಸ್ಟರಿನ ಹಿಂದೆ ಇಟ್ಟಳು. ಸ್ಕೂಲಿನಿಂದ ಬಂದು ಟಿವಿ ಮುಂದೆ ಕೂರುತ್ತಿದ್ದಳು, ಬಣ್ಣದ ಪೆನ್ಸಿಲ್ಲು ಮುಟ್ಟುತ್ತಿರಲಿಲ್ಲ. ಕ್ಲಾಸಿನಲ್ಲಿ ಯಾರ ಪಕ್ಕ ಕೂರುತ್ತೀಯೆಂದರೆ “ಯಾರೋ” ಎನ್ನುತ್ತಿದ್ದಳು. ಹೊಸ ಶತಮಾನ ಬಂದರೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂದು ಆಸ್ಪತ್ರೆಯವರು ಅಳಿಯಂದಿರನ್ನೂ ಮಗಳನ್ನೂ ಒಟ್ಟಿಗೇ ಡ್ಯೂಟಿಗೆ ಹಾಕಿದ್ದರು. ಆ ರಾತ್ರಿ ನಾವಿಬ್ಬರೇ ಟಿವಿಯಲ್ಲಿ ಬಾಣಬಿರುಸು ನೋಡಿದೆವು. ಏನೂ ನಿಲ್ಲಲಿಲ್ಲ.

ಜನವರಿ ಕೊನೆಗೆ ವಿಜಯಾ ಆಸ್ಪತ್ರೆಯಿಂದ ಸುದ್ದಿ ತಂದಳು. ಕೋಟು ಬಿಚ್ಚದೆ ಅಡುಗೆಮನೆಗೇ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. “ಅವ್ವಾ, ಜಯಪ್ರಕಾಶ್ ಅವರಿಗೆ ಮತ್ತೆ ಟ್ರಾನ್ಸ್‌ಫರ್ ಬಂತಂತೆ. ಮುಂದಿನ ವಾರ ಬುಧವಾರಕ್ಕೇ ಲೀಡ್ಸ್ ಬಿಡ್ತಾರೆ.”

“ಎಲ್ಲಿಗೆ?”

“ಇನ್ನೂ ಮನೆ ಸಿಕ್ಕಿಲ್ವಂತೆ. ಸ್ಕಾಟ್ಲೆಂಡ್ ಕಡೆ. ಅಡ್ರೆಸ್ ಆಮೇಲೆ ಕೊಡ್ತೀವಿ ಅಂದ್ರಂತೆ. ಕೊಡ್ತಾರೋ, ಮರೀತಾರೋ. ಸ್ಟೋಕಿನವರು ಯಾರು ಈಗ ಎಲ್ಲಿದಾರೆ ಅಂತ ನಮಗೆ ಗೊತ್ತಾ?”

ತಿರುಗಿ ನೋಡಿದರೆ ಮಾಳವಿಕಾ ಮೆಟ್ಟಿಲ ಮೇಲೆ ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಟೋಸ್ಟರಿನ ಕಡೆ ನೋಡಿದಳು, ಹಾಗೇ ಮೇಲೆ ಹೋದಳು. ಬುಧವಾರದೊಳಗೆ ಹೋಗದಿದ್ದರೆ ಆ ಕಾಗದಕ್ಕೆ ವಿಳಾಸವೇ ಇರುವುದಿಲ್ಲ ಎಂಬುದು ಅವಳಿಗೂ ಗೊತ್ತಾಯಿತು, ನನಗೂ.

ಸುದ್ದಿ ಬಂದ ಮರುದಿನ, ಮಂಗಳವಾರ ಸಂಜೆ, ನನಗೆ ಕ್ಲಾಸಿತ್ತು. ಇಲ್ಲಿನ ಸ್ಕೂಲೊಂದರಲ್ಲಿ ಸಂಜೆಯ ಹೊತ್ತು ದೊಡ್ಡವರಿಗೆ ಚಿತ್ರ ಕಲಿಸುತ್ತಾರೆ. ರಾತ್ರಿ ಶಾಲೆಯ ಚಟ ಹತ್ತಿದವಳಿಗೆ ಅದು ಬಿಡುವುದಿಲ್ಲ. ಇಂಗ್ಲಿಷು ಕಲಿಯಲು ಹೋದವಳು, ಪಕ್ಕದ ಕೋಣೆಯಲ್ಲಿ ಬಣ್ಣ ಕಂಡು ಅಲ್ಲಿಗೂ ಹೆಸರು ಕೊಟ್ಟಿದ್ದೆ. ಟೀಚರು ಮಾರ್ಗರೆಟ್, ನನ್ನ ವಯಸ್ಸಿನವಳೇ. ಹಿಂದಿನ ವಾರ ಎಲ್ಲರೂ ತಮ್ಮ ಬೀದಿಯ ಚಿತ್ರ ಬರೆದು ತಂದಿದ್ದೆವು. ಅವಳು ಒಂದೊಂದನ್ನೇ ನೋಡಿ, “ಮುಂದಿನಿಂದ ಎಲ್ಲ ಮನೆಯೂ ಒಂದೇ. ಹಿಂದಿನಿಂದ ಬರೆದು ತನ್ನಿ” ಎಂದಿದ್ದಳು. ಅದಕ್ಕೆ ನಾನು ಅಡುಗೆಮನೆಯ ಕಿಟಕಿಯಲ್ಲಿ ಕಾಣುವುದನ್ನು ಬರೆದೆ. ಹಿಂದಿನ ಬೀದಿಯ ಮನೆಗಳ ಹಿಂಭಾಗ. ಮೋರಿ ಕೊಳವೆ, ಮುರಿದ ಗೂಡು, ಬಟ್ಟೆ ಹಗ್ಗ, ಹಗ್ಗದ ಮೇಲೆ ಯಾವುದೋ ಹುಡುಗನ ಫುಟ್‌ಬಾಲ್ ಅಂಗಿ, ಗೋಡೆ ಮೇಲೊಂದು ಬೆಕ್ಕು. ಬರೆಯುತ್ತ ಹೋದಂತೆ ಮುಗಿಯಲೇ ಇಲ್ಲ. ಕ್ಲಾಸಿಗೆ ಒಯ್ದು, ಮತ್ತೆ ಮನೆಗೆ ತಂದು, ಮರುದಿನ ಟೇಬಲ್ಲಿನ ಮೇಲಿಟ್ಟುಕೊಂಡು ತಿದ್ದುತ್ತಿದ್ದೆ. ಮಾಳವಿಕಾ ಸ್ಕೂಲಿನಿಂದ ಬಂದಳು.

“ಇದೆಲ್ಲಿ?”

“ಇಲ್ಲೇ. ಕಿಟಕಿ ನೋಡು.”

ನೋಡಿದಳು. ಚಿತ್ರ ನೋಡಿದಳು. “ಹಿಂದಿನದು ಯಾಕೆ ಬರೆದ್ರಿ? ಫ್ರಂಟ್ ಡೋರ್ ಇಲ್ಲ.”

“ಫ್ರಂಟ್ ಡೋರಲ್ಲಿ ಯಾರಿರ್ತಾರವ್ವಾ? ಪೋಸ್ಟ್‌ಮ್ಯಾನು ಬರ್ತಾನೆ, ಹೋಗ್ತಾನೆ. ಜನ ಇರೋದು ಹಿತ್ತಲಲ್ಲಿ.”

“ಹಿತ್ಲು ಅಂದ್ರೆ ಗಾರ್ಡನ್ನಾ?”

“ಗಾರ್ಡನ್ ಅಂದ್ರೆ ಹೂವು. ಹಿತ್ತಲು ಅಂದ್ರೆ ಎಲ್ಲಾನೂ.” ಹೇಳುತ್ತ ಹೇಳುತ್ತ ನನಗೆ ದಾವಣಗೆರೆಯ ಗಿರಣಿ ಲೈನಿನ ಸಾಲುಮನೆಗಳು ಕಣ್ಣಿಗೆ ಬಂದವು. “ನಮ್ಮ ಮನೆ ಮುಂಬಾಗಿಲು ಒಂದು ಬೀದಿಗೆ, ಹಿಂದಿನ ಮನೆ ನೀಲವ್ವನ ಮುಂಬಾಗಿಲು ಇನ್ನೊಂದು ಬೀದಿಗೆ. ಮುಂದಿನಿಂದ ಹೋಗಬೇಕಂದ್ರೆ ಚಹಾದಂಗಡಿ ಸುತ್ತಿ, ಗಂಡಸರ ಮುಂದೆ ಸೆರಗು ಹೊದ್ದು, ಹೆಸರು ಕೂಗಿ ಹೋಗಬೇಕು. ಹಿತ್ತಲಲ್ಲಿ ನಡುವೆ ಒಂದು ಮೋಟು ಗೋಡೆ. ಅವಳ ಒಲೆ ಆರಿದ್ರೆ ನನ್ನ ಕೆಂಡ ಆ ಗೋಡೆ ಮೇಲಿಂದ ಹೋಗ್ತಿತ್ತು. ಕರಿಬೇವು ಆ ಕಡೆಯಿಂದ ಬರ್ತಿತ್ತು. ನಿಮ್ಮಮ್ಮ ಕೂಸಾಗಿದ್ದಾಗ ಎಷ್ಟು ಸಲ ದಾಟಿದಾಳೋ.”

“ಅಮ್ಮನ್ನ ಗೋಡೆ ಮೇಲಿಂದ ಪಾಸ್ ಮಾಡ್ತಿದ್ರಾ?”

“ಮತ್ತೇನು, ಸುತ್ತಿಕೊಂಡು ಹೋಗ್ಲಾ? ರಾತ್ರಿ ಶಾಲೆಗೆ ಹೋಗೋಣ ಅಂತ ನಾವಿಬ್ರೂ ಮಾತಾಡಿಕೊಂಡಿದ್ದೂ ಅಲ್ಲೇ. ಮುಂಬಾಗಿಲ ಎದುರಿಗಿದ್ದವರ ಹೆಸರು ನನಗೀಗ ನೆನಪೇ ಇಲ್ಲ.”

ಮಾಳವಿಕಾ ಬೆರಳಿನಿಂದ ನನ್ನ ಚಿತ್ರದ ಮೋಟು ಗೋಡೆಯನ್ನು ಸವರಿದಳು. ಆಮೇಲೆ ಮೇಲೆ ಹೋದಳು. ಮಂಚ ಎಳೆದ ಸದ್ದು. ಇಳಿದು ಬಂದಾಗ ಕೈಯಲ್ಲಿ ಸುರುಳಿ ಇತ್ತು, ತುಂಬ ಧೂಳು.

ಉಪ್ಪಿನ ಡಬ್ಬಿ ನಾನೇ ತಂದಿಟ್ಟೆ.

ಅವಳು ಬಹಳ ಹೊತ್ತು ಆ ಓಣಿಯನ್ನೇ ನೋಡಿದಳು. ಓಣಿಯ ಈಚೆ ಅವಳ ಬಾಗಿಲು. ಆಚೆ ಅಪ್ಪ ತುಂಬಿದ ಕಪ್ಪು ಗೋಡೆ.

“ಅಜ್ಜಿ,” ಎಂದಳು, ಪ್ರತಿ ಮಾತನ್ನೂ ತೂಗಿ. “ಅವಳ ಫ್ರಂಟ್ ಡೋರ್ ಆ ಕಡೆ ಹೋದ್ರೆ, ಅವಳ ಹಿತ್ಲು ಯಾವ ಕಡೆ?”

ನನಗೆ ಉತ್ತರ ಗೊತ್ತಿತ್ತು. ಕೊತ್ತಂಬರಿ ಬಿಡಿಸುತ್ತ ಕೂತೆ.

“ನನ್ನ ಕಡೆ,” ಎಂದಳು ಅವಳೇ.

ಪೆನ್ಸಿಲ್ಲು ಕಪ್ಪು ಗೋಡೆಯ ಮೇಲೆ ಕಾಣುವುದಿಲ್ಲ. ಬಿಳಿ ಕ್ರೇಯಾನು ಹುಡುಕಿ ತಂದಳು. ಕಪ್ಪಿನ ಮೇಲೆ ಬಿಳಿ ಗೆರೆಯಲ್ಲಿ ಒಂದು ಸಣ್ಣ ಬಾಗಿಲು ಬಂತು, ಮೊದಲಿನ ಬಾಗಿಲಿಗಿಂತ ಚಿಕ್ಕದು, ತಗ್ಗಿ ಬರಬೇಕಾದಂಥದು. ಕಪ್ಪಿದ್ದುದರಿಂದಲೇ ಅದು ರಾತ್ರಿ ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು.

ಅಲ್ಲಿಂದ ಶುಕ್ರವಾರದವರೆಗೆ ನಮ್ಮ ಮನೆಯಲ್ಲಿ ಅಡುಗೆ ಅರ್ಧಂಬರ್ಧ. ಆಚೆ ಸಾಲಿನ ಮನೆಗಳಿಗೆಲ್ಲ ಹಿತ್ತಲ ಬಾಗಿಲು ಆಗಬೇಕಲ್ಲ. ಹಿತ್ತಲಲ್ಲಿ ಏನೇನಿರುತ್ತೆ ಹೇಳಿ ಎಂದಳು. ಒಗೆಯುವ ಕಲ್ಲು, ನುಗ್ಗೆ ಗಿಡ, ನೀರೊಲೆ, ಬೂದಿ ಗುಡ್ಡೆ, ಅದರ ಮೇಲೆ ಮಲಗಿದ ನಾಯಿ ಎಂದೆ. ಒಂದೊಂದನ್ನೂ ನನ್ನ ಕೈಯಲ್ಲಿ ಬೇರೆ ಕಾಗದದ ಮೇಲೆ ಬರೆಸಿ, ನೋಡಿ, ತನ್ನ ಹಾಳೆಯಲ್ಲಿ ತನ್ನ ಥರ ಬರೆದಳು. ನುಗ್ಗೆಕಾಯಿ ಕಂಡು “ಇದೇನು, ಗ್ರೀನ್ ಪೆನ್ಸಿಲ್ಸಾ?” ಎಂದಳು. ಅವಳ ಲೆಕ್ಕದಲ್ಲಿ ಹಿತ್ತಲಿಗೆ ಮೊಲದ ಗೂಡು, ಟ್ರ್ಯಾಂಪೊಲೀನು ಬೇಕು. ಎರಡೂ ಒಗೆಯುವ ಕಲ್ಲಿನ ಪಕ್ಕ ಬಂದವು. ಓಣಿ ಈಗ ಓಣಿಯಾಗಿ ಉಳಿಯಲಿಲ್ಲ. ಒಂದು ಕಡೆ ಮುಂಬಾಗಿಲುಗಳು, ಇನ್ನೊಂದು ಕಡೆ ಹಿತ್ತಲುಗಳು, ನಡುವೆ ಬಟ್ಟೆ ಹಗ್ಗ, ಹಗ್ಗದ ಕೆಳಗೆ ತಲೆ ಬಗ್ಗಿಸಿ ಹೋಗುವ ಬಸ್ಸು.

ಗುರುವಾರ ಸಂಜೆ ಅಳಿಯಂದಿರು ಡ್ಯೂಟಿಯಿಂದ ಬಂದು ಅಡುಗೆಮನೆ ಹೊಸ್ತಿಲಲ್ಲೇ ನಿಂತರು. ಹಾಳೆ ಬಿಚ್ಚಿದ್ದು ಕಂಡು ಕಾಲು ಒಳಗಿಡಲಿಲ್ಲ.

“ಒಳಗೆ ಬರಬಹುದಾ?”

ಮಾಳವಿಕಾ ಯೋಚಿಸಿದಳು. “ಪೆನ್ ಅಲ್ಲೇ ಇಡಿ.”

ಅವರು ಜೇಬಿನ ಪೆನ್ನುಗಳನ್ನೆಲ್ಲ ತೆಗೆದು ಫ್ರಿಜ್ಜಿನ ಮೇಲಿಟ್ಟು ಬಂದರು. ಕೂತರು. ಬಿಳಿ ಬಾಗಿಲನ್ನು ನೋಡಿದರು. ಆ ಮುಖ ನೋಡಿದರೆ ಅವರಿಗೆ ಅರ್ಥವಾಯಿತೆಂದು ನನಗೆ ತಿಳಿಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

“ಹಿತ್ತಲು ವೆಸ್ಟಿಗೆ ಬಂದಿದ್ದು ಒಳ್ಳೇದೇ ಆಯ್ತು ಅತ್ತೆ, ಯಾಕಂದ್ರೆ...”

“ರೀ,” ಎಂದಳು ವಿಜಯಾ ಒಲೆಯ ಹತ್ತಿರದಿಂದ.

“ಏನೂ ಇಲ್ಲ.”

“ಅಪ್ಪಾ, ನೀವು ಗ್ರಾಸ್ ಮಾಡಿ,” ಎಂದು ಮಾಳವಿಕಾ ಹಸಿರು ಕ್ರೇಯಾನು ಕೊಟ್ಟಳು. “ಗೆರೆ ದಾಟಬಾರ್ದು.”

ಅವರು ಒಂದು ಗಂಟೆ ಹುಲ್ಲು ಬಳಿದರು, ಗೆರೆ ದಾಟದೆ.

ಒಂದು ಜಾಗ ಮಾತ್ರ ಖಾಲಿ ಬಿಟ್ಟಳು. ಪೂಜಿತಾಳ ಮನೆಯ ಹಿತ್ತಲು. ಬಾಗಿಲೊಂದು ಬಿಟ್ಟರೆ ಒಂದು ಕಡ್ಡಿ ಹುಲ್ಲೂ ಇಲ್ಲ. ಮೋಟು ಗೋಡೆಯನ್ನಾದರೂ ಬರೆ ಎಂದೆ. ಬೇಡ ಎಂದಳು.

ಶುಕ್ರವಾರ ರಾತ್ರಿ ಊಟವಾದ ಮೇಲೆ ಟೋಸ್ಟರಿನ ಹಿಂದಿನ ಲಕೋಟೆ ತೆಗೆದು, ಅಂಚನ್ನು ಚಾಕುವಿನಿಂದ ಜೋಪಾನವಾಗಿ ಬಿಡಿಸಿದಳು. ಅಕ್ಟೋಬರಿನ ಕಾಗದ ಓದಿಕೊಂಡು ಮುಖ ಹುಳ್ಳಗೆ ಮಾಡಿದಳು. ಅದರಲ್ಲಿ ಬರೀ ಗಡಿಯಾರದ ಗೋಪುರದ ವಿಷಯ. ಅದನ್ನು ಹರಿಯಲಿಲ್ಲ. ಇನ್ನೊಂದು ಹಾಳೆ ಸೇರಿಸಿದಳು. ಬರೆದು ಮುಗಿಸಿ, ಇಂಗ್ಲಿಷನ್ನು ಅಲ್ಲಲ್ಲಿ ಕನ್ನಡ ಮಾಡುತ್ತ ನನಗೆ ಓದಿ ಹೇಳಿದಳು. ನಿನ್ನ ಬಾಗಿಲು ಮುಚ್ಚಿದ್ದು ನಾನಲ್ಲ, ನಮ್ಮಪ್ಪ. ಅವರಿಗೆ ದಿಕ್ಕಿನ ಹುಚ್ಚು. ನಿನಗೆ ಸಿಟ್ಟು ಬಂದರೆ ಬರಲಿ, ನನಗೂ ಬಂದಿತ್ತು, ಅದಕ್ಕೇ ಇಷ್ಟು ದಿನ. ಈಗ ನಿನ್ನ ಹಿತ್ತಲ ಬಾಗಿಲು ನನ್ನ ಕಡೆ ಇದೆ. ಟಾರ್ಚ್ ಕಾಣುತ್ತದೆ. ನಿನ್ನ ಹಿತ್ತಲು ನಾನು ಬರೆದಿಲ್ಲ, ಅದು ನಿನ್ನದು. ಹೊಸ ಮನೆಯ ಪೋಸ್ಟ್‌ಕೋಡ್ ಸಿಕ್ಕ ಕೂಡಲೇ ಬರಿ. ಹಾಳೆ ಆರು ತಿಂಗಳು ಇಟ್ಟುಕೋ. ಎಂಟು ಆದರೂ ಪರವಾಗಿಲ್ಲ.

“ಎಂಟು ತಿಂಗಳು ಕೊಡ್ತೀಯ?” ಎಂದೆ.

“ನಾನು ಮೂರು ಜಾಸ್ತಿ ಇಟ್ಕೊಂಡೆನಲ್ಲ.”

ಶನಿವಾರ ಬೆಳಿಗ್ಗೆ ಹಿಮದ ತುಂತುರು. ಸುರುಳಿಯನ್ನು ರಟ್ಟಿನ ಕೊಳವೆಯಲ್ಲಿ ತೂರಿಸಿ, ಲಕೋಟೆಯನ್ನೂ ಅದರೊಳಗೇ ಇಟ್ಟು, ಎರಡು ಬಾಯಿಗೂ ಅಳಿಯಂದಿರು ಆಸ್ಪತ್ರೆಯ ಪ್ಲಾಸ್ಟರು ಸುತ್ತಿದ್ದರು. ನಾವಿಬ್ಬರೂ ಹೊರಟೆವು. ಮೂಲೆಯ ಕೆಂಪು ಡಬ್ಬಿಯ ಬಾಯಿಗೆ ಅದು ಹಿಡಿಸುವಂತಿರಲಿಲ್ಲ. ಪೋಸ್ಟ್ ಆಫೀಸಿನವರೆಗೂ ನಡೆದೆವು. ಉದ್ದ ಸಾಲು, ಪೆನ್ಷನ್ ಪುಸ್ತಕ ಹಿಡಿದ ಅಜ್ಜಂದಿರು, ನೆಂದ ಕೋಟುಗಳ ವಾಸನೆ. ಮಾಳವಿಕಾ ಕೊಳವೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅದರ ಮೇಲಿನ ಲೀಡ್ಸಿನ ವಿಳಾಸ ತೋಯದಂತೆ ತೋಳು ಮುಚ್ಚಿತ್ತು.

ನಮ್ಮ ಸರದಿ ಬಂತು. ಕೌಂಟರಿನ ಹೆಂಗಸು ಗಾಜಿನ ಪಕ್ಕದ ಸಣ್ಣ ಬಾಗಿಲು ತೆರೆದು ಕೈ ಚಾಚಿದಳು. ಮಾಳವಿಕಾ ಕೊಡಲಿಲ್ಲ.

“ಬುಧವಾರದ ಒಳಗೆ ತಲುಪುತ್ತಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಫಸ್ಟ್ ಕ್ಲಾಸಿಗೆ ಹಾಕಿದರೆ ಸೋಮವಾರವೇ, ಬ್ಯಾಬ್,” ಎಂದಳು ಹೆಂಗಸು. ಇಲ್ಲಿನವರು ಪುಟ್ಟಿ ಎನ್ನುವುದು ಹಾಗೆ.

“ಬಗ್ಗಿಹೋದ್ರೆ?”

“ಮೇಲಿಡ್ತೀನಿ. ಅದರ ಮೇಲೆ ಏನೂ ಇಡಲ್ಲ.”

ಹಿಂದೆ ಯಾರೋ ಕೆಮ್ಮಿದರು. ನಾನು ಚಿಲ್ಲರೆ ಎಣಿಸುವವಳಂತೆ ಪರ್ಸಿನಲ್ಲಿ ತಲೆ ಹಾಕಿದೆ. ಹೆಂಗಸಿನ ಕೈ ಹಾಗೇ ಚಾಚಿತ್ತು, ಅವಳಿಗೂ ಅವಸರ ಇದ್ದಂತಿರಲಿಲ್ಲ. ಮಾಳವಿಕಾ ಕೊಳವೆಯ ಎರಡೂ ತುದಿಯ ಪ್ಲಾಸ್ಟರನ್ನು ಇನ್ನೊಮ್ಮೆ ಒತ್ತಿ ನೋಡಿದಳು.

“ಫಸ್ಟ್ ಕ್ಲಾಸ್,” ಎಂದು ಕೊಟ್ಟಳು.

ಹೆಂಗಸು ತೂಕ ಮಾಡಿ, ಸ್ಟಾಂಪು ಹಚ್ಚಿ, ಮುದ್ರೆ ಒತ್ತಿ, ಹಿಂದಿನ ಬೂದು ಚೀಲದ ಮೇಲೆ ಅದನ್ನು ನಿಧಾನಕ್ಕೆ ಮಲಗಿಸಿದಳು. ಮಾಳವಿಕಾ ತುದಿಗಾಲಲ್ಲಿ ನಿಂತು, ಅದು ಅಲ್ಲಿ ಕೂತದ್ದನ್ನು ನೋಡಿದಳು.